ಶೆಡ್ಡಿನಲ್ಲಿ ಅರ್ಧಕ್ಕೆ ನಿಂತ ಹಳೇ ಜೀಪು, ಕಾರು ಮಾರಬೇಕಾ? ಮೊದಲು ಪೇಪರ್, ಆಮೇಲೆ ಬೆಲೆ

ಸಕಲೇಶಪುರ: ನಮ್ಮ ಕಡೆಯ ತೋಟದ ಮನೆಗಳಲ್ಲಿ ಈ ದೃಶ್ಯ ಹೊಸದಲ್ಲ. ಕಾಫಿ ಕಣದ ಪಕ್ಕದ ಶೆಡ್ಡಿನಲ್ಲಿ ಟಾರ್ಪಾಲ್ ಹೊದ್ದ ಒಂದು ಹಳೇ ಗಾಡಿ. ಬಾನೆಟ್ ಒಂದು ಕಡೆ, ಎಂಜಿನ್ ಇನ್ನೊಂದು ಕಡೆ, ಹಿಂದಿನ ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿರುತ್ತೆ. ಯಾವಾಗ ರೆಡಿ ಮಾಡ್ತೀರಾ ಅಂತ ಕೇಳಿದರೆ, "ಈ ಸಲ ಕೊಯ್ಲು ಮುಗೀಲಿ" ಅಂತಾರೆ. ಅಂಥ ಕೊಯ್ಲು ಐದಾರು ಮುಗಿದಿರುತ್ತೆ.

ನಮ್ಮ ಮನೆಯದ್ದೂ ಅದೇ ಕತೆ. ಅಪ್ಪನ ಜೀಪು 1968ರ ಮಾಡೆಲ್, ಇನ್ನೂ ಎಂವೈ ನಂಬರಿನದು. ಅಂದರೆ ನಮ್ಮ ರಾಜ್ಯಕ್ಕೆ ಕರ್ನಾಟಕ ಅನ್ನೋ ಹೆಸರು ಬರುವ ಮುಂಚಿನದು. ಪೆಟ್ರೋಲ್ ಕುಡಿಯುತ್ತೆ ಅಂತ ಅಪ್ಪ ಅದರ ಮೂಲ ಎಂಜಿನ್ ಇಳಿಸಿ, ಗುಜರಿಯಿಂದ ಒಂದು ಡೀಸೆಲ್ ಎಂಜಿನ್ ತಂದಿಟ್ಟರು. ಕೂರಿಸುವ ಮುಂಚೆಯೇ ಅವರು ತೀರಿಕೊಂಡರು. ಅದು 2019. ಆಮೇಲೆ ಆರು ಮಳೆಗಾಲ ಜೀಪು ಹಾಗೇ ನಿಂತಿತ್ತು.

ಒಂದು ದಿನ ಗುಜರಿಯವರು ಬಂದು, "ಕಬ್ಬಿಣದ ರೇಟ್ ಕೊಡ್ತೀನಿ, ನಾಳೆನೇ ಎತ್ಕೊಂಡು ಹೋಗ್ತೀನಿ" ಅಂದರು. ಅಣ್ಣ ಒಪ್ಪಿಬಿಟ್ಟಿದ್ದ. ಅಮ್ಮ ಮಾತ್ರ, "ನಿಮ್ಮಪ್ಪ ಓಡಿಸಿದ ಗಾಡೀನ ತೂಕಕ್ಕೆ ಹಾಕ್ಬೇಡ್ರೋ" ಅಂದರು. ಆ ಒಂದು ಮಾತಿಗೆ ನಾವು ನಿಂತೆವು. ಮಾರುವುದು ಹೇಗೆ ಅಂತ ಆಫೀಸು, ಗ್ಯಾರೇಜು ಅಲೆದೆವು. ಆ ಓಡಾಟದಲ್ಲಿ ತಿಳಿದಿದ್ದನ್ನು ಇಲ್ಲಿ ಬರೆದಿದ್ದೇನೆ. ಜೀಪಿಗೆ ಹೇಳಿದ್ದು ಫಿಯೆಟ್ಟಿಗೂ ಸರಿ, ಅಂಬಾಸಿಡರಿಗೂ ಸರಿ.

ಮೊದಲನೇ ಪ್ರಶ್ನೆ: ಆರ್‌ಸಿ ಯಾರ ಹೆಸರಲ್ಲಿದೆ?

ಅರ್ಧ ಬಿಚ್ಚಿದ ಗಾಡಿಯಲ್ಲಿ ಅತಿ ಬೆಲೆಬಾಳುವ ಭಾಗ ಎಂಜಿನ್ ಅಲ್ಲ, ಆರ್‌ಸಿ. ಎಂಜಿನ್ ಹುಡುಕಿದರೆ ಸಿಗುತ್ತೆ, ಬಾಡಿ ಮಾಡಿಸಬಹುದು. ಪೇಪರ್ ಇಲ್ಲದ ಗಾಡಿ ಎಷ್ಟೇ ಚೆಂದ ಇದ್ದರೂ ರಸ್ತೆಗೆ ಇಳಿಯಲ್ಲ. ತಿಳಿದ ಗಿರಾಕಿ ಫೋನಿನಲ್ಲಿ ಮೊದಲು ಕೇಳುವುದೇ "ಪೇಪರ್ ಕ್ಲಿಯರ್ ಇದೆಯಾ?" ಅಂತ.

ಆರ್‌ಸಿಯಲ್ಲಿರುವ ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರು ನೇರವಾಗಿ ಮಾರುವಂತಿಲ್ಲ. ಮೊದಲು ಗಾಡಿ ವಾರಸುದಾರರೊಬ್ಬರ ಹೆಸರಿಗೆ ಬರಬೇಕು. ಅದಕ್ಕೆ ಫಾರಂ 31. ಜೊತೆಗೆ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಮನೆಯ ಉಳಿದ ವಾರಸುದಾರರ ಒಪ್ಪಿಗೆಯ ಅಫಿಡವಿಟ್ ಕೊಡಬೇಕಾಗುತ್ತೆ. ಕಾನೂನಿನ ಪ್ರಕಾರ ಮಾಲೀಕರು ತೀರಿಕೊಂಡ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಮೂರು ತಿಂಗಳೊಳಗೆ ವರ್ಗಾವಣೆಗೆ ಅರ್ಜಿ ಹಾಕಬೇಕು. ನಮ್ಮ ಹಾಗೆ ವರ್ಷಗಟ್ಟಲೆ ಬಿಟ್ಟವರು ತಡದ ದಂಡ ಕಟ್ಟಿ ಮಾಡಿಸಿಕೊಳ್ಳಬೇಕು.

ಆರ್‌ಸಿ ಪುಸ್ತಕ ಗೆದ್ದಲು ತಿಂದಿದ್ದರೆ ಅಥವಾ ಕಳೆದಿದ್ದರೆ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ. ಫಾರಂ 26ರಲ್ಲಿ ಡೂಪ್ಲಿಕೇಟಿಗೆ ಅರ್ಜಿ ಹಾಕಿ. ಹಿಂದೆ ಯಾವಾಗಲೋ ಸಾಲ ತೆಗೆದು ತೀರಿಸಿ, ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿದ್ದರೆ ಬ್ಯಾಂಕಿನಿಂದ ಫಾರಂ 35 ಮತ್ತು ನಿರಾಕ್ಷೇಪಣಾ ಪತ್ರ ತಂದು ತೆಗೆಸಬೇಕು.

ಹಳೇ ಗಾಡಿಗಳಿಗೆ ಇನ್ನೊಂದು ತೊಡಕಿದೆ. ಪರಿವಾಹನ್ ವೆಬ್‌ಸೈಟಿನಲ್ಲಿ ನಂಬರ್ ಹಾಕಿದರೆ ಎಷ್ಟೋ ಸಲ ಏನೂ ಬರಲ್ಲ. ಕಾರಣ, ಹಳೇ ರಿಜಿಸ್ಟರಿನ ವಿವರ ಕಂಪ್ಯೂಟರಿಗೆ ಏರಿರಲ್ಲ. ಇದನ್ನು ಬ್ಯಾಕ್‌ಲಾಗ್ ಎಂಟ್ರಿ ಅಂತಾರೆ. ಗಾಡಿ ಮೂಲದಲ್ಲಿ ನೋಂದಣಿ ಆದ ಕಚೇರಿಯಲ್ಲೇ ಮಾಡಿಸಬೇಕು. ಇಲ್ಲಿ ಕೆಎ 46 ಕಚೇರಿ ಶುರುವಾಗುವ ಮುಂಚಿನ ಗಾಡಿಗಳ ಫೈಲು ಹಾಸನದಲ್ಲಿರಬಹುದು, ಓಡಾಡುವ ಮುಂಚೆ ವಿಚಾರಿಸಿಕೊಳ್ಳಿ.

ಚಾಸಿ ನಂಬರ್ ತಾಳೆ ಹಾಕಿ

ಆರ್‌ಸಿ ಕೈಯಲ್ಲಿ ಹಿಡಿದು ಗಾಡಿಯ ಹತ್ತಿರ ಹೋಗಿ. ಚಾಸಿ ನಂಬರ್ ಇರುವ ಜಾಗವನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ. ಮರಳು ಕಾಗದದಲ್ಲಿ ಉಜ್ಜಬೇಡಿ, ಅಕ್ಷರ ಸವೆದರೆ ಇಲ್ಲದ ಅನುಮಾನ ಹುಟ್ಟುತ್ತೆ. ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಅಚ್ಚು ಮೂಡುತ್ತೆ. ಅದು ಆರ್‌ಸಿಯಲ್ಲಿರುವ ನಂಬರಿಗೆ ಅಕ್ಷರ ಅಕ್ಷರ ಸರಿಹೊಂದಬೇಕು. ಎಂಜಿನ್ ನಂಬರಿಗೂ ಹೀಗೇ ಮಾಡಿ. ಎರಡೂ ಅಚ್ಚಿನ ಫೋಟೊ ತೆಗೆದಿಡಿ. ಗಂಭೀರ ಗಿರಾಕಿಗೆ ಮೊದಲು ಕಳಿಸಬೇಕಾದ್ದು ಇದನ್ನೇ.

ಎಂಜಿನ್ ಬದಲಾಗಿದ್ದರೆ?

ನಮ್ಮ ಕಡೆಯ ಜೀಪುಗಳ ದೊಡ್ಡ ಸಮಸ್ಯೆ ಇಲ್ಲಿದೆ. ಆರ್‌ಸಿಯಲ್ಲಿ ಪೆಟ್ರೋಲ್, ಬಾನೆಟ್ ಎತ್ತಿದರೆ ಡೀಸೆಲ್. ಇನ್ನು ಕೆಲವು ಬಾಡಿ ಕತ್ತರಿಸಿ, ದಪ್ಪ ಟೈರ್ ಹಾಕಿ, ಅರ್ಧದಲ್ಲಿ ದುಡ್ಡು ಮುಗಿದು ನಿಂತಿರುತ್ತವೆ.

ಅಮೆರಿಕದಲ್ಲಿ ಇದೇ ಒಂದು ದೊಡ್ಡ ಹವ್ಯಾಸ. ಹಾಟ್ ರಾಡ್ ಅಂತಾರೆ. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹುಡುಗರು ಹಳೇ ಫೋರ್ಡ್ ಕಾರಿನ ಮಡ್‌ಗಾರ್ಡ್, ಬಂಪರ್ ಕಿತ್ತು ಹಗುರ ಮಾಡಿ, ಎಂಜಿನ್ ಬಲ ಹೆಚ್ಚಿಸಿ ಒಣಗಿದ ಕೆರೆಗಳ ಬಯಲಿನಲ್ಲಿ ಓಡಿಸುತ್ತಿದ್ದರು. 1932ರಲ್ಲಿ ಫೋರ್ಡ್ ಕಂಪನಿ ವಿ8 ಎಂಜಿನ್ ಇರುವ ಅಗ್ಗದ ಕಾರು ತಂದ ಮೇಲೆ ಆ ಮಾಡೆಲ್ಲೇ ಅವರ ಅಚ್ಚುಮೆಚ್ಚಾಯಿತು. ಅಲ್ಲಿ ಶುರು ಮಾಡಿ ಮುಗಿಸಲಾಗದ ಕಾರನ್ನು "ಪ್ರಾಜೆಕ್ಟ್ ಕಾರ್" ಅಂತ ಹೇಳಿಯೇ ಮಾರ್ತಾರೆ, ಅದಕ್ಕೆ ಅಂತಲೇ ಗಿರಾಕಿಗಳೂ ಇದ್ದಾರೆ.

ನಮ್ಮಲ್ಲಿ ಆಸೆ ಅದೇ ಇದ್ದರೂ ಕಾನೂನು ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕೆ ಆರ್‌ಸಿ ತಾಳೆಯಾಗದ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿಯೂ ಬಂತು. ಅನುಮತಿ ಇಲ್ಲದ ಬದಲಾವಣೆಗೆ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು.

ಹಾಗಂತ ಹಾಳಾದ ಎಂಜಿನ್ ಬದಲಿಸಲೇಬಾರದು ಅಂತಲ್ಲ. ಅದೇ ಕಂಪನಿಯ ಅದೇ ಮಾದರಿಯ ಎಂಜಿನ್ ಆದರೆ ಆರ್‌ಟಿಒ ಅನುಮತಿ ಪಡೆದು ಹಾಕಿಸಬಹುದು, ಹೊಸ ನಂಬರ್ ಆರ್‌ಸಿಗೆ ಏರಬೇಕು. ಬಿಲ್ ಇಲ್ಲದ ಗುಜರಿ ಎಂಜಿನ್ ತಂದು ಕೂರಿಸಿದರೆ ಆ ದಾರಿ ಮುಚ್ಚಿಹೋಗುತ್ತೆ.

ಅದಕ್ಕೇ ಒಂದು ಮಾತು. ಇಳಿಸಿದ ಮೂಲ ಎಂಜಿನ್ ಎಷ್ಟೇ ತುಕ್ಕು ಹಿಡಿದಿರಲಿ, ಗುಜರಿಗೆ ಕೊಡಬೇಡಿ. ನಮ್ಮ ಅಪ್ಪ ಹಳೇ ಪೆಟ್ರೋಲ್ ಎಂಜಿನ್ನನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಕೆಳಗೆ ಇಟ್ಟಿದ್ದರು. ಆ ಜೀಪಿಗೆ ಬೆಲೆ ಬಂದದ್ದೇ ಅದರಿಂದ.

50 ವರ್ಷ ದಾಟಿದ್ದರೆ ವಿಂಟೇಜ್ ದಾರಿ

ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ತಂದಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ವ್ಯಾಪಾರಕ್ಕೆ ಬಳಸದ ಎರಡು ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಇದು ಅನ್ವಯ. ಮುಖ್ಯ ಷರತ್ತು ಒಂದೇ: ಗಾಡಿ ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು.

ಈಗಾಗಲೇ ನೋಂದಣಿ ಇರುವ ಗಾಡಿ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಹೊಸದಾಗಿ ನೋಂದಣಿ ಆಗುವುದಕ್ಕೆ "ವಿಎ" ಸೀರೀಸ್ ನಂಬರ್. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಮರುನೋಂದಣಿಗೆ 5,000. ಒಮ್ಮೆ ಮಾಡಿಸಿದರೆ 10 ವರ್ಷ. ಆದರೆ ವಿಂಟೇಜ್ ಅಂತ ಆದ ಗಾಡಿಯನ್ನು ದಿನಾ ಸಂತೆಗೆ, ತೋಟಕ್ಕೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ತುಂಬಿಸುವುದು ಇಂಥದ್ದಕ್ಕೆ ಮಾತ್ರ.

ನಿಮಗೆ ಇದು ಬೇಡದಿರಬಹುದು, ಸಂಗ್ರಹ ಮಾಡುವ ಗಿರಾಕಿಗೆ ಬೇಕು. ಹಾಗಾಗಿ 1970ರ ದಶಕದ ಆರಂಭದ ಅಥವಾ ಅದಕ್ಕೂ ಹಳೆಯ ಗಾಡಿ ಇದ್ದರೆ ಚೆಂದ ಮಾಡಲು ಹೋಗಿ ಮೂಲ ರೂಪ ಕೆಡಿಸಬೇಡಿ. ಹಳೇ ಮೀಟರ್, ಸ್ಟೇರಿಂಗ್, ದೀಪದ ರಿಂಗ್, ಕಂಪನಿಯ ಬಿಲ್ಲೆ ಎಲ್ಲ ಒಂದು ಪೆಟ್ಟಿಗೆಯಲ್ಲಿ ಹಾಕಿ ಗಾಡಿಯ ಜೊತೆಗೇ ಇಡಿ.

ಅವಧಿ ಮುಗಿದ ಆರ್‌ಸಿಯ ಗಂಟು

ಖಾಸಗಿ ಗಾಡಿಯ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ನಮ್ಮ ಕಡೆ ಇದನ್ನೇ "ಎಫ್‌ಸಿ ಮಾಡಿಸೋದು" ಅಂತಾರೆ. ನವೀಕರಣಕ್ಕೆ ಗಾಡಿ ಇನ್‌ಸ್ಪೆಕ್ಟರ್ ಮುಂದೆ ನಿಲ್ಲಬೇಕು. ಅರ್ಧ ಬಿಚ್ಚಿದ ಗಾಡಿ ನಿಲ್ಲಲ್ಲ. ನವೀಕರಣ, ವಿಮೆ, ಹೊಗೆ ಪರೀಕ್ಷೆ ಇಲ್ಲದೆ ವರ್ಗಾವಣೆಯೂ ಮುಂದೆ ಹೋಗಲ್ಲ. ಮಾರುವವರು ಸಿಕ್ಕಿಹಾಕಿಕೊಳ್ಳುವುದು ಈ ಗಂಟಿನಲ್ಲೇ.

ಖರ್ಚನ್ನೂ ಮೊದಲೇ ಲೆಕ್ಕ ಹಾಕಿ. ಕಾರು, ಜೀಪಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಗಾಡಿಗೆ 10,000 ಆಯಿತು. ತಡ ಮಾಡಿದ್ದಕ್ಕೆ ತಿಂಗಳಿಗೆ 500 ರೂಪಾಯಿ ಬೇರೆ. ಮೂರು ವರ್ಷ ತಡವಾದರೆ 36 ತಿಂಗಳಿಗೆ 18,000. ಹಸಿರು ತೆರಿಗೆ, ವಿಮೆ ಪ್ರತ್ಯೇಕ. 2019ರ ಏಪ್ರಿಲ್ 1ಕ್ಕೂ ಮುಂಚಿನ ಗಾಡಿಗಳಿಗೂ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಕಡ್ಡಾಯ ಅನ್ನೋದನ್ನೂ ಮರೆಯಬೇಡಿ. ನಿಮ್ಮ ಗಾಡಿಗೆ ಒಟ್ಟು ಎಷ್ಟಾಗುತ್ತೆ ಅಂತ ಕಚೇರಿಯಲ್ಲಿ ಕೇಳಿ ಬರೆದುಕೊಳ್ಳಿ.

ಮುಂದೆ ಮೂರು ದಾರಿ ಇವೆ.

ಒಂದು, ಪರೀಕ್ಷೆ ಪಾಸಾಗುವಷ್ಟು ಮಾತ್ರ ಕೆಲಸ ಮಾಡಿಸುವುದು. ಎಂಜಿನ್, ಬ್ರೇಕ್, ಸ್ಟೇರಿಂಗ್, ದೀಪ, ಹಾರ್ನ್, ಟೈರ್ ಇಷ್ಟೇ. ಪೇಂಟಿಂಗ್ ಬೇಡ. ಹಳೇ ಗಾಡಿಗೆ ಹೊಸ ಬಣ್ಣ ಕಂಡರೆ, ಒಳಗೆ ಎಷ್ಟು ಪುಟ್ಟಿ ಮೆತ್ತಿದ್ದಾರೋ ಅಂತ ಗಿರಾಕಿಗೆ ಅನುಮಾನ ಬರುತ್ತೆ. ನವೀಕರಣ ಆದ ಮೇಲೆ ಮಾರಿದರೆ ಕೈಗೆ ಹೆಚ್ಚು ದುಡ್ಡು, ತಲೆನೋವು ಕಡಿಮೆ.

ಎರಡು, ಇದ್ದ ಹಾಗೇ ಮಾರುವುದು. ಇದರಲ್ಲಿ ಅಪಾಯ ಜಾಸ್ತಿ. ಮಾಡಲೇಬೇಕಾದರೆ ಏನು ಅಪೂರ್ಣ, ಏನು ಇಲ್ಲ, ನವೀಕರಣ ಯಾರ ಹೊಣೆ, ಎಷ್ಟು ದಿನದೊಳಗೆ ಅಂತ ಕರಾರಿನಲ್ಲಿ ಬರೆಸಿ. ಮಾರಿದ ಸೂಚನೆಯ ಫಾರಂ 29ನ್ನು ಆರ್‌ಟಿಒಗೆ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಪಡೆಯಿರಿ.

ಮೂರು, ಚಾಸಿಯೇ ತುಕ್ಕು ತಿಂದು ಹೋಗಿದ್ದರೆ ಗಾಡಿಯ ಆಸೆ ಬಿಡುವುದು. ಆದರೆ ಸುಮ್ಮನೆ ಗುಜರಿಗೆ ಎತ್ತಿಸಬೇಡಿ. ಅಂಗೀಕೃತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಟ್ಟು ಪ್ರಮಾಣಪತ್ರ ತಗೊಂಡು, ಆರ್‌ಟಿಒದಲ್ಲಿ ನೋಂದಣಿ ರದ್ದು ಮಾಡಿಸಿ. ಇಲ್ಲದಿದ್ದರೆ ನಿಮ್ಮ ಆರ್‌ಸಿ, ನಿಮ್ಮ ಚಾಸಿ ನಂಬರ್ ಬೇರೆ ಯಾವುದೋ ಗಾಡಿಯ ಮೇಲೆ ಓಡಾಡಬಹುದು.

ಬೆಲೆ ಕಟ್ಟೋದು ಹೇಗೆ?

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ, ನಾವೂ ಮಾಡಿದೆವು. ಟಿಂಕರಿಂಗಿಗೆ ಇಷ್ಟು, ಗೇರ್ ಬಾಕ್ಸಿಗೆ ಇಷ್ಟು, ಟೈರಿಗೆ ಇಷ್ಟು ಅಂತ ಖರ್ಚು ಮಾಡಿದ್ದನ್ನೆಲ್ಲ ಕೂಡಿಸಿ ಬೆಲೆ ಹೇಳೋದು. ಗಿರಾಕಿಗೆ ಆ ಲೆಕ್ಕ ಬೇಕಿಲ್ಲ. ಇನ್ನು ಎಷ್ಟು ಖರ್ಚು ಬಾಕಿ ಇದೆ ಅನ್ನೋದು ಅವರ ಲೆಕ್ಕ.

ಅಂಗಡಿ ಇಟ್ಟವರಿಗೆ ಇದು ಬೇಗ ಅರ್ಥ ಆಗುತ್ತೆ. ಅರ್ಧ ಹೊಲಿದ ಬಟ್ಟೆಗೆ ಅರ್ಧ ಬೆಲೆ ಸಿಗಲ್ಲ, ಇನ್ನೂ ಕಡಿಮೆ ಸಿಗುತ್ತೆ. ಬೇರೆಯವರ ಕೆಲಸ ಮುಂದುವರಿಸುವುದು ಕಷ್ಟ ಅಂತ ಎಲ್ಲ ಮೆಕ್ಯಾನಿಕ್ಕಿಗೂ ಗೊತ್ತು.

ಲೆಕ್ಕ ಹೀಗೆ ಮಾಡಿ. ಅದೇ ಮಾಡೆಲ್ಲಿನ, ಪೇಪರ್ ಸರಿ ಇರುವ, ಓಡುವ ಗಾಡಿ ಎಷ್ಟಕ್ಕೆ ಹೋಗ್ತಿದೆ ಅಂತ ಮೂರು ನಾಲ್ಕು ಕಡೆ ವಿಚಾರಿಸಿ. ಉದಾಹರಣೆಗೆ 3 ಲಕ್ಷ ಅಂತ ಇಟ್ಟುಕೊಳ್ಳಿ. ನಿಮ್ಮ ಗಾಡಿ ಮುಗಿಸಲು ನಂಬುವ ಗ್ಯಾರೇಜಿನವರು 1.20 ಲಕ್ಷ ಅಂದರು ಅನ್ನಿ. ಪೇಪರ್ ಸರಿ ಮಾಡಿಸಲು 40,000. ಉಳಿದದ್ದು 1.40 ಲಕ್ಷ. ಗಿರಾಕಿಯ ಓಡಾಟ, ಕಾಣದ ದೋಷದ ಅಪಾಯಕ್ಕೆ ಇನ್ನೊಂದಿಷ್ಟು ಕಳೆಯಿರಿ. ಲಕ್ಷದ ಆಸುಪಾಸು ನಿಂತರೆ ಅದೇ ನಿಜವಾದ ಬೆಲೆ. ಗುಜರಿಯ ತೂಕದ ಬೆಲೆ ನಿಮ್ಮ ತಳ, ಅದಕ್ಕಿಂತ ಕೆಳಗೆ ಇಳಿಯುವ ಅಗತ್ಯ ಇಲ್ಲ.

ಈ ಲೆಕ್ಕದಲ್ಲೇ ಇನ್ನೊಂದು ಗುಟ್ಟಿದೆ. ಪೇಪರಿಗೆ ನೀವು ಹಾಕುವ 40,000 ಗಿರಾಕಿಯ ಭಯವನ್ನು ಅದಕ್ಕಿಂತ ಹೆಚ್ಚು ಇಳಿಸುತ್ತೆ. ಪೇಂಟಿಂಗಿಗೆ ಹಾಕಿದ ದುಡ್ಡು ಅಷ್ಟು ವಾಪಸ್ ಬರಲ್ಲ.

ದೋಷ ಮುಚ್ಚಿಡಬೇಡಿ

ನಮ್ಮ ಮಲೆನಾಡಿನ ಮಳೆಗೆ ಕಬ್ಬಿಣ ಒಳಗಿಂದ ಹೋಗುತ್ತೆ. ಫ್ಲೋರ್, ಬಾಗಿಲ ಕೆಳಭಾಗ, ಚಾಸಿಯ ಒಳಮೈ ಇವನ್ನು ಗಿರಾಕಿ ಸ್ಕ್ರೂಡ್ರೈವರ್ ಹಿಡಿದು ಕುಟ್ಟಿ ನೋಡ್ತಾನೆ. ನೀವೇ ಮೊದಲು ಕುಟ್ಟಿ, ತೂತು ಬಿದ್ದ ಜಾಗದ ಫೋಟೊ ಕಳಿಸಿ. ಬಿಚ್ಚಿದ ಸಾಮಾನಿನ ಪಟ್ಟಿ ಬರೆಯಿರಿ: ಏನಿದೆ, ಏನಿಲ್ಲ, ಯಾವುದು ಬೇರೆ ಗಾಡಿಯದು. ನಟ್ಟು ಬೋಲ್ಟು ಡಬ್ಬಗಳಿಗೆ ಚೀಟಿ ಅಂಟಿಸಿ. ಬೆಂಗಳೂರಿನಿಂದ ಬಂದವರು ಫೋಟೊದಲ್ಲಿ ಕಾಣದ ತುಕ್ಕು ಕಂಡರೆ ಬೆಲೆ ಅರ್ಧಕ್ಕೆ ಇಳಿಸ್ತಾರೆ, ಇಲ್ಲವೇ ಟೀ ಕುಡಿದು ವಾಪಸ್ ಹೋಗ್ತಾರೆ.

ಟ್ರಯಲ್ ನೋಡೋದಿದ್ದರೆ ಕಣದಲ್ಲೇ ನೋಡಲಿ. ವಿಮೆ, ಆರ್‌ಸಿ ಇಲ್ಲದ ಗಾಡಿಯನ್ನು ರಸ್ತೆಗೆ ಬಿಡಬೇಡಿ. ಸಾಗಿಸುವಾಗ ಲಾರಿಗೆ ಹಾಕಿಸಿ.

ದುಡ್ಡು ಮತ್ತು ಹಸ್ತಾಂತರ

ಆನ್‌ಲೈನಿನಲ್ಲಿ ಜಾಹೀರಾತು ಹಾಕಿದ ದಿನವೇ ಕೆಲವು ಫೋನ್ ಬರುತ್ತೆ. "ಗಾಡಿ ನೋಡೋದೇ ಬೇಡ, ಅಡ್ವಾನ್ಸ್ ಕಳಿಸ್ತೀನಿ, ಈ ಕೋಡ್ ಸ್ಕ್ಯಾನ್ ಮಾಡಿ" ಅಂತಾರೆ. ದುಡ್ಡು ಬರೋದಕ್ಕೆ ಸ್ಕ್ಯಾನ್ ಬೇಡ, ಪಿನ್ ಬೇಡ. ಪಿನ್ ಹಾಕಿದರೆ ನಿಮ್ಮ ಖಾತೆಯಿಂದ ಹೋಗುತ್ತೆ ಅಷ್ಟೇ. ಗಾಡಿ ನೋಡದೆ ದುಡ್ಡು ಕೊಡುವ ಗಿರಾಕಿ ಹಳೇ ಗಾಡಿಗೆ ಇರಲ್ಲ.

ನಗದಿನ ವಿಷಯದಲ್ಲೂ ಹುಷಾರು. ಒಂದೇ ವ್ಯವಹಾರದಲ್ಲಿ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ. ಪಡೆದರೆ ಅಷ್ಟೇ ಮೊತ್ತ ದಂಡ ಬೀಳಬಹುದು. ಬ್ಯಾಂಕಿಗೆ ಹಾಕಿಸಿಕೊಳ್ಳಿ.

ಕೊನೆಯದ್ದು, ಎಲ್ಲಕ್ಕಿಂತ ಮುಖ್ಯವಾದ್ದು. ನಮ್ಮ ಪರಿಚಯದವರೊಬ್ಬರು ಹಳೇ ಜೀಪನ್ನು ಸ್ಟಾಂಪ್ ಪೇಪರಿನ ಮೇಲೆ ಬರೆದು ಮಾರಿದ್ದರು. ಕೊಂಡವರು ಹೆಸರು ಬದಲಿಸಿಕೊಳ್ಳಲಿಲ್ಲ. ವರ್ಷಗಳ ನಂತರ ಆ ಜೀಪು ಅಪಘಾತ ಮಾಡಿತು, ಕೋರ್ಟ್ ನೋಟಿಸ್ ಬಂದಿದ್ದು ಇವರ ಮನೆಗೆ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದ್ದೂ ಇದನ್ನೇ: ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಪರಿಹಾರದ ಮಟ್ಟಿಗೆ ಅವರೇ ಮಾಲೀಕರು. ಗಾಡಿ ಎಷ್ಟು ಕೈ ದಾಟಿದ್ದರೂ ಅಷ್ಟೇ.

ಹಾಗಾಗಿ ಫಾರಂ 29, ಫಾರಂ 30ಕ್ಕೆ ಇಬ್ಬರೂ ಸಹಿ ಹಾಕಿ ಅರ್ಜಿ ಸಲ್ಲಿಸಿದ ಮೇಲೆಯೇ ಕೀಲಿ ಕೊಡಿ. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ ತಿಳಿಸಬೇಕು. ಹೊರರಾಜ್ಯಕ್ಕೆ ಹೋಗುವುದಾದರೆ ಫಾರಂ 28ರಲ್ಲಿ ನಿರಾಕ್ಷೇಪಣಾ ಪತ್ರ ಬೇಕು. ಗಾಡಿ ಕೊಟ್ಟ ದಿನಾಂಕ, ಗಂಟೆ ಬರೆದು ಕೊಂಡವರ ಸಹಿ, ಆಧಾರ್ ಪ್ರತಿ, ಗಾಡಿಯ ಜೊತೆ ನಿಂತ ಫೋಟೊ ಇಟ್ಟುಕೊಳ್ಳಿ. ಹಳೇ ಗಾಡಿ ವ್ಯಾಪಾರಿಗೆ ಕೊಡುವುದಾದರೆ ಅವರ ಹತ್ತಿರ ಆರ್‌ಟಿಒ ಕೊಟ್ಟ ಅಧಿಕೃತ ಡೀಲರ್ ಪತ್ರ ಇದೆಯಾ ನೋಡಿ. 2023ರ ಏಪ್ರಿಲ್‌ನಿಂದ ಅದು ಬೇಕು. ಅಂಥವರಿಗೆ ಫಾರಂ 29ಸಿ ಮೂಲಕ ಕೊಟ್ಟರೆ ಆಮೇಲಿನ ಹೊಣೆ ಅವರದು.

ನಮ್ಮ ಜೀಪು ಏನಾಯ್ತು?

ಆರ್‌ಸಿ ಅಮ್ಮನ ಹೆಸರಿಗೆ ಬರಲು ತಿಂಗಳುಗಟ್ಟಲೆ ಹಿಡಿಯಿತು. ಅಟ್ಟದ ಕೆಳಗಿನ ಪೆಟ್ರೋಲ್ ಎಂಜಿನ್ನನ್ನೇ ಮೆಕ್ಯಾನಿಕ್ ತೊಳೆದು, ರಿಪೇರಿ ಮಾಡಿ ಕೂರಿಸಿದರು. ಬ್ರೇಕ್, ದೀಪ ಸರಿ ಮಾಡಿಸಿ ನವೀಕರಣ ಆಯಿತು. ಡೀಸೆಲ್ ಎಂಜಿನ್ ಬಂದ ಗುಜರಿಗೇ ವಾಪಸ್ ಹೋಯಿತು. ಮೈಸೂರು ಕಡೆಯವರೊಬ್ಬರು ಎರಡು ಸಲ ಬಂದು ನೋಡಿ ತಗೊಂಡರು. ಅಣ್ಣ ಅಂದುಕೊಂಡಷ್ಟು ಬರಲಿಲ್ಲ, ಗುಜರಿಯವರು ಹೇಳಿದ್ದಕ್ಕಿಂತ ಬಹಳ ಹೆಚ್ಚು ಬಂತು.

ಲಾರಿಗೆ ಹತ್ತಿಸುವ ಮುಂಚೆ ಅವರು ಅಮ್ಮನನ್ನು ಕೂರಿಸಿಕೊಂಡು ಕಣದಲ್ಲಿ ಒಂದು ಸುತ್ತು ಹೊಡೆದರು. ಇಳಿದ ಮೇಲೆ ಅಮ್ಮ, "ಮಳೇಲಿ ನೆನೆಸ್ಬೇಡಿ" ಅಂದರು. ಹೊಸ ಆರ್‌ಸಿಯ ಫೋಟೊ ಹೋದ ತಿಂಗಳು ವಾಟ್ಸಾಪಿನಲ್ಲಿ ಬಂತು. ಅದರಲ್ಲಿ ನಮ್ಮ ಮನೆಯವರ ಹೆಸರಿಲ್ಲ ಅನ್ನೋದನ್ನು ನೋಡಿದ ಮೇಲೇ ನಮಗೂ ಸಮಾಧಾನ ಆಗಿದ್ದು.